ದುಡಿಮೆಯ ನೆಲೆ ಮತ್ತು ಅದರ ಬಾಗಿಲು: ಯಲ್ಲಾಪುರ ಸೀಮೆಯ ಸಾಕ್ಷ್ಯ

ದುಡಿಯುವ ಜಾಗವು ಎಂತಿದ್ದರೆ ಅದು ಒಳ್ಳೆಯ ಜಾಗವೆನಿಸೀತು ಎಂಬ ಪ್ರಶ್ನೆ ಮೇಲುನೋಟಕ್ಕೆ ಇಂದಿನ ಕಾರ್ಖಾನೆ, ಕಚೇರಿಗಳ ವ್ಯವಸ್ಥಾಪಕರಿಗೆ ಸೇರಿದ್ದೆಂದು ತೋರಬಹುದು. ಗಾಳಿ, ಬೆಳಕು, ಸಂಬಳ, ರಜೆ, ಮೇಲಧಿಕಾರಿಯ ನಡತೆ ಮುಂತಾದವುಗಳ ಲೆಕ್ಕದಲ್ಲಿ ಅವರು ಅದಕ್ಕೆ ಉತ್ತರವನ್ನೂ ಕೊಡುತ್ತಾರೆ. ಆದರೆ ಕಾಯಕವೆಂಬ ಮಾತನ್ನು ನಿತ್ಯವೂ ಬಳಸುವ ನಾವು ಈ ಪ್ರಶ್ನೆಯನ್ನು ಅವರಿಗೇ ಬಿಟ್ಟುಕೊಡುವುದು ಸರಿಯಲ್ಲ. ಕಾಯಕವೆಂದರೆ ಯಾವುದು, ಅದರ ಫಲವನ್ನು ಯಾರಿಗೆ ಸಲ್ಲಿಸಬೇಕು ಎಂಬುದನ್ನು ಕುರಿತು ನಮ್ಮಲ್ಲಿ ಬೇಕಾದಷ್ಟು ಬರೆಹಗಳು ಬಂದಿವೆ. ಕಾಯಕವು ನಡೆಯುವ ನೆಲೆ ಎಂತಹುದಾಗಿರಬೇಕೆಂಬ ಬಗ್ಗೆ ಬಂದಿರುವುದು ಕಡಮೆ. ಉತ್ತರ ಕನ್ನಡದ ಘಟ್ಟದ ಮೇಲಿನ ಯಲ್ಲಾಪುರ ಸೀಮೆಯನ್ನು ಮುಂದಿಟ್ಟುಕೊಂಡು ಇದನ್ನು ಕೊಂಚ ವಿಚಾರಿಸುವುದು ಪ್ರಸ್ತುತ ಲೇಖನದ ಉದ್ದೇಶ. ಈ ಸೀಮೆಯನ್ನೇ ಆರಿಸಿಕೊಳ್ಳಲು ಕಾರಣವಿದೆ. ಅಡಿಕೆ ತೋಟದ ಹವ್ಯಕರು, ಆಫ್ರಿಕೆಯಿಂದ ಬಂದವರ ಸಂತತಿಯಾದ ಸಿದ್ದಿಗಳು, ಕುಮರಿ ಬೇಸಾಯದ ಕುಣಬಿಗಳು, ಎಮ್ಮೆಯ ಮಂದೆಗಳೊಡನೆ ಬಂದ ಗೌಳಿಗಳು, ಇವರೆಲ್ಲರ ಮೇಲೆ ಲೆಕ್ಕದ ಪುಸ್ತಕ ಹಿಡಿದು ಬಂದ ಅರಣ್ಯ ಇಲಾಖೆ—ಇಷ್ಟೂ ಒಂದೇ ತಾಲೂಕಿನ ಎಲ್ಲೆಯೊಳಗೆ ಅಕ್ಕಪಕ್ಕದಲ್ಲಿ ನಿಂತಿವೆ. ದುಡಿಮೆಯ ನೆಲೆಯನ್ನು ಇವರು ಅಳೆದ ಕೋಲು ಒಂದೇ ಅಲ್ಲ.

ಮೊದಲು ಭಾಷೆಯ ಸಾಕ್ಷ್ಯವನ್ನು ನೋಡೋಣ. ದುಡಿಮೆಗೆ ಕನ್ನಡದಲ್ಲಿ ಹೆಸರುಗಳು ಹಲವು: ಕೆಲಸ, ಊಳಿಗ, ಕೂಲಿ, ಕಾಯಕ, ಜೀತ, ಚಾಕರಿ, ನೌಕರಿ. ಕೊನೆಯ ಎರಡು ಪಾರಸಿಯ ಮೂಲಕ ಬಂದವು, ಆಡಳಿತದ ಜೊತೆಗೆ ಬಂದವು. ಇವುಗಳಲ್ಲಿ ನಮ್ಮ ಗಮನಕ್ಕೆ ಅತ್ಯಂತ ಅರ್ಹವಾದುದು ಜೀತ ಎಂಬ ಮಾತು. ಸಂಸ್ಕೃತದ ಜೀವಿತ ಶಬ್ದವೇ ಸವೆದು ಜೀತವಾಯಿತು. ಹಳಗನ್ನಡದ ಕಾಲಕ್ಕೆ ಅದು ಬಾಳುವೆಗಾಗಿ ಕೊಟ್ಟದ್ದು, ಸಂಬಳ, ಎಂಬ ಗೌರವದ ಅರ್ಥವನ್ನೇ ಉಳ್ಳದ್ದಾಗಿತ್ತು. ಒಡೆಯನಿಂದ ಜೀತವನ್ನು ಪಡೆದ ವೀರನಿಗೆ ಅದು ಹೆಮ್ಮೆಯ ವಿಷಯ. ಅದೇ ಮಾತು ಕಾಲಕ್ರಮದಲ್ಲಿ ಸಾಲಕ್ಕೆ ಕಟ್ಟುಬಿದ್ದವನ ದುಡಿಮೆಯ ಹೆಸರಾಯಿತು. ಮಾಡುವ ಕೆಲಸ ಅದೇ ಇದ್ದು, ಕೊಡುವ ಕಾಳೂ ಹೆಚ್ಚು ಕಡಮೆ ಅಷ್ಟೇ ಇದ್ದು, ಅದನ್ನು ಬಿಟ್ಟು ಹೋಗುವ ಸ್ವಾತಂತ್ರ್ಯವೊಂದು ಇಲ್ಲವಾದೊಡನೆ ಸಂಬಳವೆಂಬ ಅರ್ಥದ ಶಬ್ದವು ಬಂಧನವೆಂಬ ಅರ್ಥಕ್ಕೆ ತಿರುಗಿತು. ನಮ್ಮ ಜನರು ದುಡಿಮೆಯ ನೆಲೆಯಲ್ಲಿ ಯಾವುದನ್ನು ಮುಖ್ಯವೆಂದು ಬಗೆದಿದ್ದರು ಎಂಬುದಕ್ಕೆ ಇದಕ್ಕಿಂತ ಹಳೆಯ ಸಾಕ್ಷ್ಯ ದೊರೆಯುವುದು ಕಷ್ಟ.

ಇನ್ನು ಇತಿಹಾಸದ ಮಾತು. ಯಲ್ಲಾಪುರದ ಕಾಡುಗಳಿಗೆ ಆಗ್ನೇಯದಲ್ಲಿ, ಬನವಾಸಿ ಪನ್ನಿರ್ಛಾಸಿರದ ರಾಜಧಾನಿಯಾಗಿದ್ದ ಬಳ್ಳಿಗಾವೆಯ ಕೋಡಿಯ ಮಠಕ್ಕೆ ಸಂಬಂಧಿಸಿದ 1162ರ ಶಾಸನವು ವಿದ್ವಾಂಸರಿಗೆ ಸುಪರಿಚಿತವಾದುದು. ವೇದ, ವ್ಯಾಕರಣ, ಯೋಗಶಾಸ್ತ್ರಗಳ ಪಾಠ, ಹಸಿದವರಿಗೆ ಅನ್ನ, ರೋಗಿಗಳಿಗೆ ಔಷಧ, ಅಂಜಿದವರಿಗೆ ಅಭಯ ದೊರೆಯುತ್ತಿದ್ದ ಸ್ಥಾನವೆಂದು ಅದು ಆ ಮಠವನ್ನು ವರ್ಣಿಸುತ್ತದೆ. ಅಂದಿನ ದೇಗುಲ, ಮಠಗಳು ಪೂಜೆಯ ಸ್ಥಾನಗಳಾಗಿದ್ದಂತೆಯೇ ದುಡಿಮೆಯ ನೆಲೆಗಳೂ ಆಗಿದ್ದುವು. ಮದ್ದಳೆಯವನು, ಪಾತ್ರದವಳು, ಹೂವಾಡಿಗ, ಅಡುಗೆಯವನು ಇವರಿಗೆಲ್ಲ ಮತ್ತರ ಲೆಕ್ಕದಲ್ಲಿ ಭೂಮಿಯನ್ನು ಬಿಟ್ಟುಕೊಟ್ಟುದನ್ನು ಆ ಕಾಲದ ನೂರಾರು ಶಾಸನಗಳು ಹೇಳುತ್ತವೆ. ಬರಗಾಲದಲ್ಲಿಯೂ ಅನ್ನ ತಪ್ಪದ, ಮಕ್ಕಳ ಕಾಲಕ್ಕೂ ಮುಂದುವರಿಯುವ ವ್ಯವಸ್ಥೆಯಿದು. ಒಳ್ಳೆಯ ದುಡಿಮೆಯ ನೆಲೆಯೆಂದರೆ ಭದ್ರತೆ ಎನ್ನುವವರಿಗೆ ಇದಕ್ಕಿಂತ ಉತ್ತಮ ಮಾದರಿ ಬೇಕಿಲ್ಲ. ಆದರೆ ಮದ್ದಳೆಯವನ ಮಗ ಮದ್ದಳೆಯವನೇ ಆಗಬೇಕು. ಭೂಮಿಯೇ ಅವನನ್ನು ಕಟ್ಟಿಹಾಕಿದೆ.

ಇದೇ ವರ್ಷಗಳಲ್ಲಿ, ಇದೇ ಬಿಜ್ಜಳನ ಆಳ್ವಿಕೆಯ ಕಲ್ಯಾಣದಲ್ಲಿ, ದುಡಿಮೆಯ ನೆಲೆಯನ್ನು ಕುರಿತ ಬೇರೊಂದು ಭಾವನೆ ರೂಪುಗೊಳ್ಳುತ್ತಿತ್ತು. ಆಯ್ದಕ್ಕಿ ಮಾರಯ್ಯ-ಲಕ್ಕಮ್ಮ ದಂಪತಿಗಳ ವೃತ್ತಾಂತವನ್ನು ವಾಚಕರಿಗೆ ಹೇಳಬೇಕಾಗಿಲ್ಲ. ಬಸವಣ್ಣನವರ ಮನೆಯಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ಅದನ್ನು ಒಪ್ಪದೆ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರುವಂತೆ ಗಂಡನನ್ನು ಹಿಂದಿರುಗಿಸಿದಳು. ಈ ಪ್ರಸಂಗವನ್ನು ನಿರಾಶೆಯ, ಅಪರಿಗ್ರಹದ ದೃಷ್ಟಾಂತವಾಗಿ ವಿವರಿಸುವುದು ವಾಡಿಕೆ. ಅದು ಸರಿಯೂ ಹೌದು. ಆದರೆ ಅದನ್ನು ದುಡಿಮೆಯ ನೆಲೆಯ ಕಡೆಯಿಂದ ನೋಡಿದರೆ ಇನ್ನೊಂದು ಸಂಗತಿ ಕಾಣುತ್ತದೆ. ಆ ಅಂಗಳ ಬಿಜ್ಜಳನ ಭಂಡಾರಿಯದು, ಮಹಾಮನೆಯದು. ಅಲ್ಲಿ ಇಂದು ಎಷ್ಟು ಆಯಬೇಕು, ಎಷ್ಟಕ್ಕೆ ನಿಲ್ಲಿಸಬೇಕು ಎಂಬುದನ್ನು ತೀರ್ಮಾನಿಸಿದವರು ಅಂಗಳದ ಒಡೆಯರಲ್ಲ, ಗುಡಿಸಲಲ್ಲಿದ್ದ ಲಕ್ಕಮ್ಮ. ಸಾಕು ಎನ್ನುವ ಅಧಿಕಾರ ದುಡಿಯುವವರ ಕೈಯಲ್ಲಿತ್ತು. ಕಾಶ್ಮೀರದ ಅರಸೊತ್ತಿಗೆಯನ್ನು ಬಿಟ್ಟುಬಂದನೆಂದು ಹೇಳುವ ಮೋಳಿಗೆಯ ಮಾರಯ್ಯ ಕಟ್ಟಿಗೆಯ ಹೊರೆ ಹೊತ್ತದ್ದೂ, ನುಲಿಯ ಚಂದಯ್ಯ ಕೆರೆಯ ಬದಿಯ ಹುಲ್ಲನ್ನು ಕೊಯ್ದು ಹಗ್ಗ ಹೊಸೆದದ್ದೂ ಇಂತಹ ನೆಲೆಗಳಲ್ಲೇ: ಯಾರ ಗೋಡೆಯ ಒಳಗೂ ಅಲ್ಲದ, ಬೆಳಗ್ಗೆ ಹೋಗಿ ಸಂಜೆ ಬಿಟ್ಟುಬರುವ ಬಯಲು. ಶರಣರ ಕಾಯಕಗಳ ಪಟ್ಟಿಯನ್ನು ಬಿಡಿಸಿ ನೋಡಿದರೆ ದೋಣಿ, ಮಡು, ಬಿದಿರಮೆಳೆ, ಸಂತೆ ಎಂಬ ಬಯಲಿನ ಜಾಗಗಳೇ ಅಧಿಕ. ಇದು ಆಕಸ್ಮಿಕವಾಗಿದ್ದರೂ ಇರಬಹುದು. ನನಗಂತೂ ಹಾಗೆ ತೋರಿಲ್ಲ.

ಬಳ್ಳಿಗಾವೆಯ ಭದ್ರತೆ, ಕಲ್ಯಾಣದ ಬಯಲು—ಈ ಎರಡು ಭಾವನೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಈಗ ಯಲ್ಲಾಪುರದ ಕಡೆಗೆ ತಿರುಗೋಣ. ಈ ಸೀಮೆ ಬಹುಕಾಲ ಸೋದೆ ಅಥವಾ ಸ್ವಾದಿಯ ಅರಸರಿಗೆ ಸೇರಿತ್ತು. ಸ್ವರವಚನಗಳ ಕರ್ತೃ ಸದಾಶಿವರಾಯನ ಮೂಲಕ ಈ ಮನೆತನದ ಹೆಸರು ನಮ್ಮ ಸಾಹಿತ್ಯ ಚರಿತ್ರೆಯಲ್ಲಿಯೂ ಇದೆ. 1760ರ ದಶಕದಲ್ಲಿ ಸೋದೆ ಹೈದರಾಲಿಗೆ ವಶವಾಯಿತು. 1799ರಲ್ಲಿ ಇಂಗ್ಲಿಷರಿಗೆ ಬಂತು. 1862ರಲ್ಲಿ ಮದರಾಸಿನಿಂದ ಮುಂಬಯಿ ಪ್ರಾಂತಕ್ಕೆ ವರ್ಗವಾಗಿ 1956ರಲ್ಲಿ ಕನ್ನಡನಾಡಿನೊಡನೆ ಕೂಡಿತು. ಅರಸರು ಬದಲಾದರೂ ಬದಲಾಗದೆ ನಿಂತದ್ದು ಅಡಿಕೆಯ ತೋಟ.

ತೋಟವನ್ನು ಕಾಣದವರಿಗೆ ಒಂದೆರಡು ಮಾತು. ಎರಡು ಗುಡ್ಡಗಳ ನಡುವಣ ಇಕ್ಕಟ್ಟಾದ ಕಣಿವೆಯಲ್ಲಿ, ನೀರಿನ ಒರತೆಯ ಪಕ್ಕದಲ್ಲಿ ತೋಟ. ಅದರ ಮೇಲ್ಗಡೆ ಸೊಪ್ಪಿನ ಬೆಟ್ಟ. ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಬೆಟ್ಟದ ಸವಲತ್ತು ಇಲ್ಲಿ ಬಳಕೆಗೆ ಬಂದಿದೆ. ಬೆಟ್ಟದ ಸೊಪ್ಪು, ದರಕು ಕೊಟ್ಟಿಗೆಗೆ ಬರಬೇಕು, ಕೊಟ್ಟಿಗೆಯ ಗೊಬ್ಬರ ಮರದ ಬುಡಕ್ಕೆ ಹೋಗಬೇಕು, ಬಸಿಗಾಲುವೆಯ ಮಣ್ಣನ್ನು ಮೇಲೆತ್ತಿ ಹಾಕಬೇಕು. ಮಳೆಗಾಲದಲ್ಲಿ ಕೊಳೆರೋಗ ತಾಗದಂತೆ ಹಿಂದೆ ಕೊನೆಗಳಿಗೆ ಕೊಟ್ಟೆ ಕಟ್ಟುತ್ತಿದ್ದರು, ಆಮೇಲೆ ಮೈಲುತುತ್ತ-ಸುಣ್ಣದ ಬೋರ್ಡೋ ದ್ರಾವಣ ಬಂದಿತು. ಎರಡಕ್ಕೂ ಜಾರುವ ಮರವನ್ನು ಮಳೆಯ ನಡುವೆ ಹತ್ತುವ ಮನುಷ್ಯ ಬೇಕು. ಮರ ಹತ್ತಿ ಕೊಯ್ಯುವವನಿಗೆ ಕೊನೆಗೌಡನೆಂದು ಹೆಸರು. ಅವನು ಕಾಲಿಗೆ ಬಳ್ಳಿಯ ತಳೆ ಹಾಕಿಕೊಂಡು ಒಮ್ಮೆ ಮೇಲೇರಿದನೆಂದರೆ, ಮರವನ್ನೇ ತೂಗಿ ಪಕ್ಕದ ಮರವನ್ನು ಹಿಡಿದು ಅಲ್ಲಿಂದಲ್ಲಿಗೇ ದಾಟುತ್ತ, ಹಗ್ಗದಲ್ಲಿ ಕೊನೆಗಳನ್ನು ಇಳಿಬಿಡುತ್ತ, ಗಂಟೆಗಟ್ಟಲೆ ನೆಲ ಮುಟ್ಟದೆ ಇರುತ್ತಾನೆ. ಕೆಳಗೆ ನಿಂತು ಹಗ್ಗ ಹಿಡಿಯುವವನ ಮೇಲೆ ಅವನಿಗೆ ನಂಬಿಕೆಯಿರಬೇಕು. ಕೊಯ್ದ ಅಡಿಕೆ ಮನೆಯಂಗಳಕ್ಕೆ ಬಂದ ಮೇಲೆ ಸುಲಿತ. ಅದು ರಾತ್ರಿಯ ಕೆಲಸ. ಮಣೆಗೆ ಹೂಡಿದ ಮೆಟ್ಟುಗತ್ತಿಯ ಮುಂದೆ ಸಾಲಾಗಿ ಕುಳಿತ ಹೆಂಗಸರು, ಗಂಡಸರು, ನಡುವೆ ದೀಪ, ಬೇಯುವ ಅಡಿಕೆಯ ಚೊಗರಿನ ವಾಸನೆ, ಯಕ್ಷಗಾನದ ಪ್ರಸಂಗದ ಚರ್ಚೆ, ಊರಿನ ಸುದ್ದಿ. ಸುಲಿದದ್ದನ್ನು ಅಳೆದು ಕೂಲಿ ಕೊಡುತ್ತಾರೆ. ಯಾರೂ ಯಾರನ್ನೂ ಅವಸರಪಡಿಸುವುದಿಲ್ಲ, ಏಕೆಂದರೆ ಅಳತೆಯೇ ಮಾತಾಡುತ್ತದೆ. ನಿದ್ದೆ ಬಂದವರು ಎದ್ದು ಹೋಗುತ್ತಾರೆ. ಘಟ್ಟದ ಹಿರಿಯರನ್ನು ಹಳೆಯ ದುಡಿಮೆಯ ಬಗ್ಗೆ ಕೇಳಿದರೆ, ಒಡೆಯರಾಗಿದ್ದವರೂ ಆಳಾಗಿದ್ದವರೂ, ಸುಲಿತದ ರಾತ್ರಿಗಳನ್ನು ಪ್ರೀತಿಯಿಂದ ನೆನೆಯುವುದನ್ನು ನಾನು ಕೇಳಿದ್ದೇನೆ. ಬೆಳಗಿನ ಕೆಲಸಗಳನ್ನು ಅಷ್ಟು ಪ್ರೀತಿಯಿಂದ ನೆನೆದವರು ಒಡೆಯರು ಮಾತ್ರ.

1801ರ ಮಾರ್ಚ್ ತಿಂಗಳಲ್ಲಿ ಫ್ರಾನ್ಸಿಸ್ ಬುಕಾನನ್ ಯಲ್ಲಾಪುರ, ಸೋದೆ, ಶಿರಸಿ, ಬನವಾಸಿಗಳ ಮಾರ್ಗವಾಗಿ ಹಾದುಹೋದನು. ಅವನ ಪ್ರವಾಸ ಕಥನ 1807ರಲ್ಲಿ ಮೂರು ಸಂಪುಟಗಳಾಗಿ ಪ್ರಕಟವಾಯಿತು. ಹೊಸದಾಗಿ ಕೈಸೇರಿದ ಸೀಮೆಯ ಆದಾಯವನ್ನು ತಿಳಿಯಲು ಕಂಪನಿ ಸರಕಾರ ಕಳುಹಿಸಿದ ಮನುಷ್ಯನಾದ್ದರಿಂದ ಅವನ ಕಣ್ಣು ಬೆಳೆ, ಬೆಲೆ, ಕೂಲಿಗಳ ಮೇಲೆಯೇ ನೆಟ್ಟಿದೆ. ಹವ್ಯಕ ಬ್ರಾಹ್ಮಣರು ತಮ್ಮ ತೋಟದಲ್ಲಿ ತಾವೇ ಕೈಯಾರೆ ಕೆಲಸ ಮಾಡುವ ಶ್ರಮಜೀವಿಗಳೆಂಬುದು ಅವನ ಗಮನವನ್ನು ಸೆಳೆಯಿತು. ಇದು ಯಲ್ಲಾಪುರದ ತೋಟದ ಬಗ್ಗೆ ಹೇಳಲೇಬೇಕಾದ ಸಂಗತಿ. ನೀಲಗಿರಿಯ ಚಹದ ತೋಟದಂತೆ, ಕೊಡಗಿನ ದೊಡ್ಡ ಕಾಫಿ ತೋಟದಂತೆ, ಇಲ್ಲಿ ಒಡೆಯ ಬಂಗಲೆಯಲ್ಲಿ, ಆಳು ಸಾಲುಮನೆಯಲ್ಲಿ ಎಂಬ ದೂರ ಇರಲಿಲ್ಲ. ತುಂಡು ಪಂಚೆಯುಟ್ಟು ಒಡೆಯನೂ ಕಾಲುವೆಗೆ ಇಳಿಯುತ್ತಿದ್ದ. ಸಮಾನ ಸ್ಥಿತಿಯ ಮನೆಗಳ ನಡುವೆ ಮುಯ್ಯಾಳಿನ ಪದ್ಧತಿಯೂ ಇತ್ತು: ಇಂದು ನಿನ್ನ ತೋಟಕ್ಕೆ ನಾನು, ನಾಳೆ ನನ್ನ ತೋಟಕ್ಕೆ ನೀನು. ಕೂಲಿಯ ಪ್ರಶ್ನೆಯೇ ಇಲ್ಲದ ಈ ದುಡಿಮೆಯಲ್ಲಿ ಮಾನವೇ ಲೆಕ್ಕದ ಪುಸ್ತಕವಾಗಿತ್ತು.

ಆದರೆ ಜೊತೆಗೆ ಕಾಲುವೆಗೆ ಇಳಿದವರೆಲ್ಲರೂ ಮುಯ್ಯಾಳುಗಳಲ್ಲ. ಮಧ್ಯಾಹ್ನ ಕೆಲಸ ನಿಂತಾಗ ಅದು ಗೊತ್ತಾಗುತ್ತಿತ್ತು. ಒಬ್ಬರಿಗೆ ಒಳಗೆ ಮಣೆ, ಇನ್ನೊಬ್ಬರಿಗೆ ಅಂಗಳದ ಮೂಲೆಯಲ್ಲಿ ಬಾಳೆಲೆ. ಅನ್ನ ಒಂದೇ ಪಾತ್ರೆಯದಾಗಿದ್ದರೂ ಪಂಕ್ತಿ ಒಂದೇ ಆಗಿರಲಿಲ್ಲ. ಇದಕ್ಕಿಂತ ಆಳವಾಗಿದ್ದುದು ಮುಂಗಡದ ಗಂಟು. ಮದುವೆಗೆಂದು, ಕಾಯಿಲೆಗೆಂದು ಒಡೆಯನಿಂದ ಹಣ ಪಡೆದವನು ಅದು ತೀರುವವರೆಗೆ ಬೇರೆಡೆಗೆ ಹೋಗಲಾರನು. ಬಡ್ಡಿ, ಹಬ್ಬದ ಅಕ್ಕಿ, ಕಂಬಳಿ ಸೇರುತ್ತ ಅದು ತೀರುವುದೇ ಇಲ್ಲ. ಬುಕಾನನ್ನನು ತನ್ನ ದಾರಿಯಲ್ಲಿ ಹಲವೆಡೆ ಇಂತಹ ಮುಂಗಡದ ಆಳುಗಳನ್ನು ಕಂಡು ಬರೆದಿಟ್ಟಿದ್ದಾನೆ.

ಇಲ್ಲಿ ನ್ಯಾಯಕ್ಕಾಗಿ ಇನ್ನೊಂದು ಮಾತನ್ನು ಸೇರಿಸಬೇಕು. ತೋಟದ ಒಡೆಯನೂ ಇದೇ ಗಂಟಿನಲ್ಲಿ ಸಿಕ್ಕಿದ್ದನು. ಅಡಿಕೆ ಕೊಯ್ಲಿಗೆ ಬರುವ ಮುನ್ನವೇ ದಲಾಲರಿಂದ ಮುಂಗಡ ತೆಗೆದುಕೊಂಡು, ಅವರು ಹೇಳಿದ ಬೆಲೆಗೆ ಅವರಿಗೇ ಅಳೆದುಕೊಡುವ ಸ್ಥಿತಿ ಅವನದು. ಬೇರೆ ಅಂಗಡಿಗೆ ಹೋಗುವ ಬಾಗಿಲು ಅವನಿಗೂ ಇರಲಿಲ್ಲ. 1923ರಲ್ಲಿ ಶಿರಸಿಯಲ್ಲಿ ತೋಟಗಾರರ ಸಹಕಾರಿ ಮಾರಾಟ ಸಂಘ ಸ್ಥಾಪನೆಯಾದುದು ಈ ಹಿನ್ನೆಲೆಯಲ್ಲಿ. ಸಂಘವು ಬೆಳೆದಂತೆ ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ತೋಟಗಾರನಿಗೆ ತನ್ನ ದುಡಿಮೆಯ ಫಲವನ್ನು ತಾನು ಬಯಸಿದಲ್ಲಿ ಮಾರುವ ದಾರಿ ತೆರೆಯಿತು. ಘಟ್ಟದ ಮೇಲಿನ ಸಹಕಾರ ಚಳವಳಿಯ ಈ ಸಾಧನೆಯನ್ನು ಎಷ್ಟು ಕೊಂಡಾಡಿದರೂ ಸಲ್ಲುತ್ತದೆ. ದಲಾಲನ ಮುಂಗಡದಿಂದ ತೋಟಗಾರ ಬಿಡಿಸಿಕೊಂಡ ಈ ವರ್ಷಕ್ಕೂ, ತೋಟಗಾರನ ಮುಂಗಡದಿಂದ ಆಳನ್ನು ಬಿಡಿಸುವ ಕಾನೂನು ಬಂದ ವರ್ಷಕ್ಕೂ ನಡುವೆ ಐವತ್ತಮೂರು ವರ್ಷಗಳ ಅಂತರವಿದೆ. ಒಂದೇ ಗಂಟನ್ನು ಎರಡು ತುದಿಯಿಂದ ಕಂಡವರು ಒಂದು ತುದಿಯನ್ನು ಮಾತ್ರ ಬಿಚ್ಚಿದರು.

ಆ ಇನ್ನೊಂದು ತುದಿಯಲ್ಲಿ ಇದ್ದವರು ಹಲವರು. ಅವರಲ್ಲಿ ಸಿದ್ದಿಗಳ ಕಥೆ ನಮ್ಮ ವಿಷಯಕ್ಕೆ ಅತ್ಯಂತ ಸಮೀಪವಾದುದು. ಪೋರ್ಚುಗೀಸರು ಹದಿನಾರನೆಯ ಶತಮಾನದಿಂದ ಪೂರ್ವ ಆಫ್ರಿಕೆಯ ಜನರನ್ನು ಗುಲಾಮರನ್ನಾಗಿ ಗೋವೆಗೆ ತಂದರು. ಮೊಜಾಂಬಿಕ್ ಮುಂತಾದ ಬಂದರುಗಳಿಂದ ಹೊರಟ ಹಡಗುಗಳಲ್ಲಿ ಬಂದ ಇವರು ಗೋವೆಯ ಶ್ರೀಮಂತರ ಮನೆಗಳಲ್ಲಿ ಪಲ್ಲಕ್ಕಿ ಹೊತ್ತರು, ಅಡುಗೆ ಮಾಡಿದರು, ಕಾವಲು ಕಾದರು. ಪೋರ್ಚುಗಲ್ಲು ಗುಲಾಮರ ವ್ಯಾಪಾರವನ್ನು ನಿಷೇಧಿಸಿದ್ದು 1836ರಲ್ಲಿ. ಭಾರತದ ಇಂಗ್ಲಿಷ್ ಆಡಳಿತವು ಗುಲಾಮಗಿರಿಗೆ ಕಾನೂನಿನ ಮಾನ್ಯತೆಯನ್ನು ತೆಗೆದುಹಾಕಿದ್ದು 1843ರಲ್ಲಿ. ಆದರೆ ಗೋವೆಯ ಸಿದ್ದಿಗಳಲ್ಲಿ ಅನೇಕರು ಈ ಶಾಸನಗಳಿಗಾಗಿ ಕಾಯಲಿಲ್ಲ. ಅವರು ಕಾಲಿನಿಂದಲೇ ಮತ ಹಾಕಿದರೆನ್ನಬೇಕು: ಗಡಿಯನ್ನು ದಾಟಿ, ಕಾಳಿಯ ಕಣಿವೆಯ ದಟ್ಟ ಕಾಡನ್ನು ಹೊಕ್ಕು, ಹಳಿಯಾಳ, ಯಲ್ಲಾಪುರ, ಅಂಕೋಲೆ, ಮುಂಡಗೋಡಗಳ ಕಡೆ ನೆಲೆಸಿದರು. ಇವರಲ್ಲಿ ಕ್ರೈಸ್ತರೂ ಮುಸಲ್ಮಾನರೂ ಹಿಂದುಗಳೂ ಇದ್ದಾರೆ. ಯಲ್ಲಾಪುರ, ಅಂಕೋಲೆಗಳ ಕಡೆಯವರು ಹೆಚ್ಚಾಗಿ ಹಿಂದುಗಳು, ಕನ್ನಡ ಮನೆಮಾತಿನವರು.

ಗೋವೆಯ ಮನೆಗಳಲ್ಲಿ ಊಟ ಬಟ್ಟೆಗಳಿಗೆ ಕೊರತೆಯಿತ್ತೆಂದೇ ಇವರು ಓಡಿದರೆಂದು ಭಾವಿಸಬಾರದು. ಕಾಡಿನಲ್ಲಿ ಅದಕ್ಕಿಂತ ಹೆಚ್ಚಿನದೇನೂ ಕಾದಿರಲಿಲ್ಲ. ಹುಲಿ, ಚಳಿಜ್ವರ, ಹಸಿವು ಕಾದಿದ್ದುವು. ಸೂರು, ಅನ್ನ, ಭದ್ರತೆಗಳಿಂದ ದುಡಿಮೆಯ ನೆಲೆಯನ್ನು ಅಳೆಯುವವರಿಗೆ ಈ ಓಟ ಅರ್ಥವಾಗದು. ಬಾಗಿಲಿಲ್ಲದ ಮನೆಗಿಂತ ಗೋಡೆಯಿಲ್ಲದ ಕಾಡು ಲೇಸೆಂದು ಅವರು ಎಣಿಸಿದರು. ಅಂತಹವರ ಮೊಮ್ಮಕ್ಕಳು ಘಟ್ಟದ ತೋಟಗಳಲ್ಲಿ ಮುಂಗಡದ ಆಳುಗಳಾದುದು ಚರಿತ್ರೆಯ ಕ್ರೂರವಾದ ತಿರುವು. ಟಿ. ಸಿ. ಪಾಲಾಕ್ಷಪ್ಪನವರು ಸಿದ್ದಿಗಳನ್ನು ಕುರಿತು 1976ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಭೂಮಾಲಿಕರನ್ನೇ ಆಶ್ರಯಿಸಿ ಬಾಳಿದ ಈ ಜನರ ಸ್ಥಿತಿ ದಾಖಲಾಗಿದೆ. ಆದರೂ ಸಿದ್ದಿಗಳು ಪೂರ್ತಿಯಾಗಿ ತೋಟದವರಾಗಲಿಲ್ಲ. ಜೇನಿನ ಕಾಲ ಬಂತೆಂದರೆ ಕಾಡಿಗೆ ಹೋಗಿಬಿಡುತ್ತಿದ್ದರು. ನಾಲ್ಕು ದಿನಕ್ಕೆ ಬೇಕಾದಷ್ಟು ಸಿಕ್ಕಿದ ಮೇಲೆ ಐದನೆಯ ದಿನ ಬಾರದಿರುವುದು ಅವರಲ್ಲಿ ಸಾಮಾನ್ಯವಾಗಿತ್ತು. ಇದಕ್ಕೆ ಘಟ್ಟದ ಮಾಲಿಕರು ಇಟ್ಟ ಹೆಸರು ಸೋಮಾರಿತನ. ಮಾರಯ್ಯನನ್ನು ಹೆಚ್ಚಿನ ಅಕ್ಕಿಯೊಡನೆ ಹಿಂದಕ್ಕೆ ಕಳುಹಿದ ಲಕ್ಕಮ್ಮನನ್ನು ನಾವು ಶರಣೆಯೆಂದು ಪೂಜಿಸುತ್ತೇವೆ. ಐದನೆಯ ದಿನ ಬಾರದ ಸಿದ್ದಿಯನ್ನು ಸೋಮಾರಿಯೆನ್ನುತ್ತೇವೆ. ಎರಡರ ಹಿಂದಿನ ಭಾವ ಒಂದೇ ಎಂದು ನಾನು ವಾದಿಸಲಾರೆ, ದಾಸೋಹದ ಕಲ್ಪನೆ ಅಲ್ಲಿಲ್ಲ. ಆದರೆ ಸಾಕೆಂಬ ಮಾತನ್ನು ಯಾರು ಹೇಳಬೇಕೆಂಬ ಪ್ರಶ್ನೆಗೆ ಎರಡೂ ಕಡೆಯ ಉತ್ತರ ಒಂದೇ.

ಸೋಮಾರಿತನದ ಈ ಆರೋಪವನ್ನು ಕಡತಕ್ಕೆ ಏರಿಸಿದ್ದು ಅರಣ್ಯ ಇಲಾಖೆ. ಕುಣಬಿಗಳೂ ಮರಾಠಿಗಳೂ ಕಾಡಿನ ತುಂಡನ್ನು ಕಡಿದು ಸುಟ್ಟು ಎರಡು ಮೂರು ವರ್ಷ ರಾಗಿ ಬೆಳೆದು ಮುಂದಕ್ಕೆ ಹೋಗುವ ಕುಮರಿಯನ್ನು ಅದು ಹಾಳುಬೇಸಾಯವೆಂದು ಕರೆಯಿತು. ಹತ್ತೊಂಬತ್ತನೆಯ ಶತಮಾನದ ನಡುವಿನಿಂದ ಕುಮರಿಯನ್ನು ಹಂತಹಂತವಾಗಿ ಅಡಗಿಸಲಾಯಿತು. 1878ರ ಅರಣ್ಯ ಶಾಸನದ ನಂತರ ಕಾಡು ಮೀಸಲಾಯಿತು. ಕಾಡಿನ ಮಗ ಅದೇ ಕಾಡಿನಲ್ಲಿ ತೇಗ ಕಡಿಯುವ, ದಿಮ್ಮಿ ಎಳೆಯುವ ಕೂಲಿಯಾದ. ಅಲ್ಲಿ ಮೊತ್ತಮೊದಲ ಬಾರಿಗೆ ಹಾಜರಿ ಪುಸ್ತಕ ಬಂತು, ದಿನದ ಅಳತೆ ಗಡಿಯಾರಕ್ಕೆ ಹೋಯಿತು. ಕೂಲಿ ನಗದಾಗಿ ಸಿಗುತ್ತಿತ್ತು, ಜಾತಿಯ ಪಂಕ್ತಿಯೂ ಡಿಪೋದಲ್ಲಿ ಅಷ್ಟು ಬಿಗಿಯಾಗಿರಲಿಲ್ಲ ಎಂಬುದನ್ನು ಒಪ್ಪಬೇಕು. ಸತಾರೆಯ ಕಡೆಯಿಂದ ಬಂದ ಧನಗರ ಗೌಳಿಗಳ ಮಾತು ಬೇರೆ. ಅವರು ಯಾರ ಆಳೂ ಆಗಲಿಲ್ಲ. ಹುಲ್ಲು ನೀರಿರುವೆಡೆ ದೊಡ್ಡಿ ಹಾಕಿ, ಬೆಣ್ಣೆಯನ್ನೂ, ತೋಟಗಾರರಿಗೆ ಗೊಬ್ಬರವನ್ನೂ ಮಾರಿ, ಮೇವು ತೀರಿದಾಗ ದೊಡ್ಡಿಯನ್ನೇ ಎತ್ತಿಕೊಂಡು ಹೋದರು. ಮೀಸಲು ಕಾಡಿನ ನಿಯಮಗಳು ಬಿಗಿಯಾದಂತೆ ಅವರಿಗೂ ಎತ್ತಿಕೊಂಡು ಹೋಗಲು ಜಾಗ ಕಡಮೆಯಾಯಿತು.

ಅನ್ಯದೇಶಗಳಲ್ಲಿ ಈ ವಿಷಯವನ್ನು ಹೇಗೆ ಭಾವಿಸಿದ್ದಾರೆಂದು ನೋಡಿದರೆ ನಮ್ಮ ಸೀಮೆಯ ಮಾತು ಇನ್ನಷ್ಟು ಸ್ಪಷ್ಟವಾಗುತ್ತದೆ. ಆರನೆಯ ಶತಮಾನದ ಇಟಲಿಯಲ್ಲಿ ಸಂತ ಬೆನೆಡಿಕ್ಟನು ತನ್ನ ಮಠಗಳಿಗಾಗಿ ಬರೆದ ನಿಯಮಾವಳಿಯು ಯೂರೋಪಿನಲ್ಲಿ ದುಡಿಮೆಯ ನೆಲೆಯನ್ನು ಕುರಿತ ಅತ್ಯಂತ ಪ್ರಭಾವಶಾಲಿಯಾದ ಬರೆಹಗಳಲ್ಲೊಂದು. ಅದರ 48ನೆಯ ಅಧ್ಯಾಯವು ಕೈಕೆಲಸಕ್ಕೆ ಎಷ್ಟು ಹೊತ್ತು, ಓದಿಗೆ ಎಷ್ಟು ಹೊತ್ತು ಎಂಬುದನ್ನು ಋತುಮಾನಕ್ಕೆ ತಕ್ಕಂತೆ ಗೊತ್ತುಪಡಿಸುತ್ತದೆ; ಬಲಹೀನರಿಗೆ ಭಾರವಾಗದ ಕೆಲಸ ಕೊಡಬೇಕೆನ್ನುತ್ತದೆ. ಹನ್ನೆರಡನೆಯ ಶತಮಾನಕ್ಕೂ ಆರು ನೂರು ವರ್ಷ ಹಿಂದೆ ದೈಹಿಕ ಶ್ರಮಕ್ಕೆ ಸಾಧನೆಯ ಸ್ಥಾನ ಕೊಟ್ಟ ಈ ಮಹನೀಯನನ್ನು ನಾವು ಗೌರವದಿಂದ ನೆನೆಯಬೇಕು. ಆದರೆ ಅವನ ಮಠವನ್ನು ಸೇರುವವನು ಆ ಸ್ಥಾನವನ್ನು ಬಿಟ್ಟು ಹೋಗೆನೆಂಬ ಪ್ರತಿಜ್ಞೆ ಮಾಡಬೇಕು. ಅಲ್ಲಿ ನಿಲ್ಲುವುದೇ ವ್ರತ; ನಮ್ಮಲ್ಲಿ ಜಂಗಮನಿಗೆ ನಡೆಯುವುದೇ ವ್ರತ. ಸ್ಥಾವರ-ಜಂಗಮಗಳ ಈ ಭೇದವು ಎರಡು ಸಂಸ್ಕೃತಿಗಳ ದುಡಿಮೆಯ ಕಲ್ಪನೆಯಲ್ಲಿಯೂ ಮೂಡಿರುವುದು ಗಮನಾರ್ಹ. ಬೆನೆಡಿಕ್ಟನ ಸನ್ಯಾಸಿ ಸ್ವಂತ ಇಚ್ಛೆಯಿಂದ ಬಾಗಿಲನ್ನು ಮುಚ್ಚಿಕೊಂಡವನು ಎಂಬ ವ್ಯತ್ಯಾಸವನ್ನಂತೂ ಮರೆಯಲಾಗದು.

ಸ್ಕಾಟ್ಲೆಂಡಿನ ನ್ಯೂ ಲ್ಯಾನಾರ್ಕ್ ಎಂಬಲ್ಲಿ 1800ರಲ್ಲಿ ಹತ್ತಿಗಿರಣಿಯ ಆಡಳಿತ ವಹಿಸಿಕೊಂಡ ರಾಬರ್ಟ್ ಓವೆನ್ ಮಾದರಿ ಮಾಲಿಕನೆಂದು ಹೆಸರಾದವನು. ಕೆಲಸಗಾರರಿಗೆ ಒಳ್ಳೆಯ ಮನೆ, ಪ್ರಾಮಾಣಿಕ ಬೆಲೆಯ ಅಂಗಡಿ, 1816ರಲ್ಲಿ ಮಕ್ಕಳಿಗೆ ಶಾಲೆ, ಎಲ್ಲವನ್ನೂ ಮಾಡಿದ. ಅದರೊಡನೆ ಪ್ರತಿಯೊಬ್ಬ ಕೆಲಸಗಾರನ ಬಳಿಯೂ ನಾಲ್ಕು ಬಣ್ಣದ ಒಂದು ಮರದ ತುಂಡನ್ನು ತೂಗುಹಾಕಿಸಿದ. ನಿನ್ನೆಯ ನಡತೆ ಕೆಟ್ಟದ್ದಾಗಿದ್ದರೆ ಕಪ್ಪು, ಸಾಧಾರಣವಾದರೆ ನೀಲಿ, ಒಳ್ಳೆಯದಾದರೆ ಹಳದಿ, ಉತ್ತಮವಾದರೆ ಬಿಳುಪು ಮುಂದಕ್ಕೆ ತಿರುಗಿರುತ್ತದೆ. ಬೈಗುಳವಿಲ್ಲ, ಹೊಡೆತವಿಲ್ಲ, ಬಣ್ಣ ಮಾತ್ರ. ಎಷ್ಟು ದಯೆಯ ವ್ಯವಸ್ಥೆ! ಘಟ್ಟದ ಕೊನೆಗೌಡನು ಇಂತಹ ತುಂಡನ್ನು ಕೊರಳಿಗೆ ಕಟ್ಟಿಕೊಂಡು ಮರ ಹತ್ತುವುದನ್ನು ನಾನು ಊಹಿಸಿಕೊಳ್ಳಲಾರೆ. ಯುದ್ಧಾನಂತರದ ಜಪಾನಿನ ದೊಡ್ಡ ಕಂಪನಿಗಳಲ್ಲಿ ತರುಣನಾಗಿ ಸೇರಿದವನು ನಿವೃತ್ತಿಯವರೆಗೂ ಅಲ್ಲಿಯೇ ಇರುವುದು ಆದರ್ಶವಾಯಿತು. ಬಿಡಬೇಕಾದ ಅಗತ್ಯವೇ ಬಾರದಿರುವುದು ಅವರ ದೃಷ್ಟಿಯಲ್ಲಿ ಒಳ್ಳೆಯ ನೆಲೆಯ ಲಕ್ಷಣ. ಬಳ್ಳಿಗಾವೆಯ ಮದ್ದಳೆಯವನಿಗೆ ಅದು ಅರ್ಥವಾಗುತ್ತಿತ್ತು. ನಮ್ಮ ದೇಶದ ಕಾನೂನು ಓವೆನ್ನನ ದಾರಿಯನ್ನು ಹಿಡಿಯಿತು. 1948ರ ಕಾರ್ಖಾನೆಗಳ ಶಾಸನವು ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆಯೆಂದು ಮಿತಿ ಹಾಕಿ, ಗಾಳಿ, ಬೆಳಕು, ಕುಡಿಯುವ ನೀರು, ಶಿಶುಪಾಲನೆಗಳನ್ನು ಕಡ್ಡಾಯಗೊಳಿಸಿತು. 1951ರ ತೋಟ ಕಾರ್ಮಿಕರ ಶಾಸನವು ಚಹ, ಕಾಫಿ, ರಬ್ಬರ್, ಸಿಂಕೋನ ತೋಟಗಳನ್ನು ಹೆಸರಿಸಿತು, ಏಲಕ್ಕಿ ಆಮೇಲೆ ಸೇರಿತು. ಆ ಹೆಸರುಗಳಲ್ಲಿ ಅಡಿಕೆಯಿಲ್ಲ. ಯಲ್ಲಾಪುರದ ತೋಟ ಚಿಕ್ಕದು, ಮನೆಗೆ ಅಂಟಿದ್ದು; ಕಾನೂನಿನ ಕಣ್ಣಿಗೆ ಅದು ದುಡಿಮೆಯ ನೆಲೆಯಾಗಿ ಕಾಣಲೇ ಇಲ್ಲ.

ಕಂಡದ್ದು ಬೇರೊಂದು ದಾರಿಯಿಂದ. 1974ರ ಮಾರ್ಚ್ 1ರಂದು ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿ ಗೇಣಿದಾರನನ್ನು ಒಡೆಯನನ್ನಾಗಿಸಿತು. ಗೇಣಿದಾರನೂ ಅಲ್ಲದ ಆಳಿಗೆ ಅದರಿಂದ ಹೊಲ ತೋಟ ದೊರೆಯಲಿಲ್ಲ. ಅವನಿಗಾಗಿ ಬಂದುದು 1975ರ ಅಕ್ಟೋಬರಿನಲ್ಲಿ ಸುಗ್ರೀವಾಜ್ಞೆಯಾಗಿ ಹೊರಟು 1976ರಲ್ಲಿ ಶಾಸನವಾದ ಜೀತಪದ್ಧತಿಯ ನಿಷೇಧ. ಈ ಶಾಸನದಲ್ಲಿ ಗಾಳಿ ಬೆಳಕುಗಳ ಮಾತಿಲ್ಲ, ಗಂಟೆಗಳ ಲೆಕ್ಕವಿಲ್ಲ. ಅದು ಹೇಳುವುದು ಮುಖ್ಯವಾಗಿ ಒಂದೇ: ಜೀತದ ಸಾಲ ತೀರಿದೆ, ನೀನು ಹೋಗಬಹುದು. ಹೋದವರೆಲ್ಲರಿಗೂ ಹೋಗಲು ಜಾಗವಿತ್ತೆಂದಲ್ಲ. ಅನೇಕರು ಮರುದಿನ ಅದೇ ತೋಟಕ್ಕೆ ಬಂದರು, ಬರದೆ ವಿಧಿಯಿರಲಿಲ್ಲ. ಕಾಡಿನ ಅತಿಕ್ರಮಣವೆನಿಸಿದ ತುಂಡು ನೆಲಕ್ಕೆ ಹಕ್ಕು ಕೇಳಲು 2006ರ ಅರಣ್ಯ ಹಕ್ಕು ಶಾಸನದವರೆಗೆ ಕಾಯಬೇಕಾಯಿತು. ಉತ್ತರ ಕನ್ನಡದ ಸಿದ್ದಿಗಳನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಿದ್ದು 2003ರಲ್ಲಿ. ಯಲ್ಲಾಪುರ ತಾಲೂಕಿನ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೆ ನಾಮಕರಣಗೊಂಡದ್ದು 2020ರಲ್ಲಿ.

ಈಗ ಘಟ್ಟದ ಮೇಲೆ ಮಾತು ತಿರುಗಿದೆ. ತೋಟಗಾರರ ಮಕ್ಕಳು ಬೆಂಗಳೂರಿನ ಕಚೇರಿಗಳಲ್ಲಿದ್ದಾರೆ; ತೋಟದಲ್ಲಿ ಉಳಿದ ವೃದ್ಧ ತಂದೆ ಕೊನೆಗೌಡನಿಗಾಗಿ ಕಾಯುತ್ತಾನೆ. ಯಾರ ತೋಟಕ್ಕೆ ಯಾವ ದಿನ ಬರಬೇಕೆಂಬುದನ್ನು ಹೇಳುವವನು ಇಂದು ಕೊನೆಗೌಡ. ಕೆಳಗೆ ನಿಂತೇ ಕೊಯ್ಯುವ ಉದ್ದನೆಯ ದೋಟಿಗಳೂ, ಸುಲಿಯುವ ಯಂತ್ರಗಳೂ ಬಂದಿವೆ. ಸುಲಿತದ ರಾತ್ರಿಗಳು ವಿರಳವಾಗಿವೆ. ಆಳು ಸಿಗುವುದಿಲ್ಲವೆಂಬ ಕೊರಗನ್ನು ಈ ಸೀಮೆಯ ಯಾವ ಜಗಲಿಯಲ್ಲಿ ಕುಳಿತರೂ ಕೇಳಬಹುದು. ಆ ಕೊರಗು ನಿಜವಾದುದು, ತೋಟಗಳು ಪಾಳು ಬೀಳುತ್ತಿರುವುದೂ ನಿಜ. ಆಳು ಸಿಗುವುದಿಲ್ಲವೆಂದರೆ ಆಳಾಗಿದ್ದವನು ಬೇಡವೆನ್ನಬಲ್ಲವನಾದ ಎಂಬ ಅರ್ಥವೂ ಉಂಟೆಂಬುದನ್ನು ಆ ಜಗಲಿಯಲ್ಲಿ ಹೇಳಿದರೆ ಸ್ವಲ್ಪ ಹೊತ್ತು ಮೌನ ಕವಿಯುತ್ತದೆ; ಆಮೇಲೆ ಯಾರಾದರೂ ಕವಳದ ತಟ್ಟೆಯನ್ನು ಮುಂದಕ್ಕೆ ಸರಿಸುತ್ತಾರೆ.

ಮಂಚಿಕೇರಿಯ ಕಡೆ ಒಂದು ಮನೆಯ ಜಗಲಿಯಲ್ಲಿ ಸಿದ್ದಿ ಹೆಂಗಸೊಬ್ಬಳು ಕೌದಿ ಹೊಲಿಯುತ್ತಿದ್ದುದನ್ನು ನೋಡುತ್ತ ನಿಂತ ಸಂದರ್ಭವೊಂದು ನೆನಪಿದೆ. ಹಳೆಯ ಸೀರೆ, ಲಂಗ, ಅಂಗಿಗಳ ತುಂಡುಗಳನ್ನು ಅಂಚಿನಿಂದ ಒಳಕ್ಕೆ ಸುತ್ತುತ್ತ ಬರುವ ಈ ಕೌದಿಗಳನ್ನು ಈಗ ದೂರದ ಪಟ್ಟಣದವರೂ ಹೊರದೇಶದವರೂ ಕೊಳ್ಳುತ್ತಾರೆ. ನಾಲ್ಕು ಮೂಲೆಗಳಿಗೂ ಬಟ್ಟೆಯ ಮಡಿಕೆಯ ಹೂವು ಇಟ್ಟ ಮೇಲೆಯೇ ಅದು ಮುಗಿಯುವುದು. ಹೂವಿಲ್ಲದ ಕೌದಿ ಬೆತ್ತಲೆಯೆಂಬುದು ಅವರ ಭಾವನೆ. ಇದನ್ನು ಕೇಳಿಕೊಂಡವರು ಬೇಗ ಬೇಕೆನ್ನುತ್ತಿದ್ದಾರೆಂದು ಪಕ್ಕದಲ್ಲಿದ್ದವರು ನೆನಪಿಸಿದರು. ಅವಳು ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು, ಕೌದಿಯನ್ನು ಮಡಚಿ, ಸೌದೆ ತರಲು ಕಾಡಿನ ಕಡೆಗೆ ನಡೆದಳು.